ಕಾಫಿ ದರ: ಕೂಡಿ ಆಡಿದ್ದೋ, ಕೂಡಿ ಬಂದದ್ದೋ?
ಒಣಗಿಸಿದ ರೋಬಸ್ಟಾ ಚೆರಿ ಮಾರಲು ಹೊರಟ ಕೊಡಗಿನ ಕಕ್ಕಬೆಯ ಬೆಳೆಗಾರನಿಗೆ ನಾಪೋಕ್ಲುವಿನಲ್ಲೂ ವಿರಾಜಪೇಟೆಯಲ್ಲೂ ಒಂದೇ ದರ ಕೇಳಿಬಂದರೆ, ‘ಎಲ್ಲ ಸೇರಿ ಮಾಡಿಕೊಂಡಿದ್ದಾರೆ’ ಎಂದು ಗೊಣಗುವುದು ಸಹಜ. ಅಷ್ಟು ಸುಲಭದ ತೀರ್ಪಲ್ಲ ಇದು. 1996ರಲ್ಲಿ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿ ಪೂರ್ತಿ ಕಳಚಿದ ಮೇಲೆ ವ್ಯಾಪಾರಿಗಳೆಲ್ಲ ನೋಡುವುದು ಲಂಡನ್ ಮಾರುಕಟ್ಟೆಯನ್ನು, ಡಾಲರಿನ ಬೆಲೆಯನ್ನು. ಪರಸ್ಪರ ಮಾತಾಡದೆಯೂ ಒಂದೇ ಅಂಕಿಗೆ ಬಂದು ನಿಲ್ಲಬಹುದು. ಕೆಲವೇ ಮಾರಾಟಗಾರರಿದ್ದಲ್ಲಿ ಪ್ರತಿಯೊಬ್ಬನೂ ಎದುರಾಳಿಯನ್ನು ಗಮನದಲ್ಲಿಟ್ಟೇ ಲೆಕ್ಕ ಹಾಕುತ್ತಾನೆಂದು ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಕೂರ್ನೊ 1838ರಲ್ಲೇ ಗಣಿತದಿಂದ ತೋರಿಸಿದ್ದ. 1964ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಎತ್ತಿದ್ದು ಇನ್ನೂ ಚುರುಕಾದ ಪ್ರಶ್ನೆ: ಒಳಒಪ್ಪಂದ ಮುರಿದವನು ಸಿಕ್ಕಿಬೀಳುವುದು ಹೇಗೆ? ದರ ಬಹಿರಂಗವಾಗಿದ್ದರೆ, ಬೇಗ. 1993ರಲ್ಲಿ ಡೆನ್ಮಾರ್ಕಿನ ಸ್ಪರ್ಧಾ ಪ್ರಾಧಿಕಾರ ಗಿರಾಕಿಗೆ ಅನುಕೂಲವಾಗಲೆಂದು ರೆಡಿಮಿಕ್ಸ್ ಕಾಂಕ್ರೀಟಿನ ನಿಜವಾದ ವಹಿವಾಟು ದರಗಳನ್ನು ಪ್ರಕಟಿಸತೊಡಗಿತು. ವರ್ಷದೊಳಗೆ ಬೆಲೆ ಶೇ 15ರಿಂದ 20ರಷ್ಟು ಏರಿ ಕೂತಿತು! (ಒಳ್ಳೆಯ ಉದ್ದೇಶಕ್ಕೆ ಇಂಥ ಫಲ ಹೊಸದೇನಲ್ಲ.) ಮೊಬೈಲಿಗೆ ಬರುವ ದಿನದ ದರ ಬೆಳೆಗಾರನಿಗೆ ಬೇಕೇ ಬೇಕು, ಆದರೆ ಕೊಳ್ಳುವವರೂ ಅದನ್ನೇ ಓದುತ್ತಾರೆ. ಅನುಮಾನಪಡುವುದಾದರೆ ನಾನು ಬೋರ್ಡಿನ ಮೇಲಿನ ದರಕ್ಕಿಂತ ಔಟ್‌ಟರ್ನ್ ಲೆಕ್ಕವನ್ನು (ಚೆರಿಯಿಂದ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ), ತೇವಾಂಶದ ಹೆಸರಲ್ಲಿ ಮುರಿದುಕೊಳ್ಳುವ ಕಿಲೋಗಳನ್ನು ನೋಡುತ್ತೇನೆ. ಅವು ಲಂಡನ್ನಿನಿಂದ ಬರುವುದಿಲ್ಲ.