ಮೊದಲು ತೂತು, ಆಮೇಲೆ ಬಣ್ಣ



ನವರಾತ್ರಿ ಬಂತೆಂದರೆ ನಮ್ಮ ಶಾಲೆಗಳಲ್ಲಿ ಒಂದರ ಹಿಂದೊಂದು ಸಮಾರಂಭ. ಶಾರದಾ ಪೂಜೆ, ವಾಲ್ಮೀಕಿ ಜಯಂತಿ, ನವೆಂಬರ್ 1ರ ರಾಜ್ಯೋತ್ಸವ, 14ರ ಮಕ್ಕಳ ದಿನಾಚರಣೆ. ಜಗಲಿಯ ಮೇಲೆ ಸಾಲಾಗಿ ಹೂಕುಂಡಗಳಿದ್ದರೆ ಎಷ್ಟು ಚೆಂದ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅನ್ನಿಸಿದ ಮರುದಿನವೇ ಯಾರಾದರೊಬ್ಬರು ಪೇಟೆಯ ನರ್ಸರಿಗೆ ಹೋಗಿ ಹೂಬಿಟ್ಟ ಗಿಡಗಳನ್ನು ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ಸಮಾರಂಭ ಮುಗಿಯುತ್ತದೆ. ತಿಂಗಳು ಕಳೆಯುವುದರೊಳಗೆ ಜಗಲಿಯ ಮೇಲೆ ಒಣಕಡ್ಡಿಗಳು ಉಳಿಯುತ್ತವೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಶಾಲೆಯೊಂದು ಹೂಬಿಟ್ಟ ಗಿಡವನ್ನು ದುಡ್ಡು ಕೊಟ್ಟು ತರಬಾರದು. ಹಣ ಉಳಿಯುತ್ತದೆ ಎಂಬುದು ಒಂದು ಕಾರಣ ಮಾತ್ರ. ಹೂಬಿಟ್ಟ ಗಿಡ ತಂದರೆ ಬೀಜ ಮೊಳೆತದ್ದು, ಬೇರು ಇಳಿದದ್ದು, ಮೊಗ್ಗು ಮೂಡಿದ್ದು ಯಾವುದೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದು ಎರಡನೆಯ ಕಾರಣ. ನಾನು ವಿಜ್ಞಾನದ ಮೇಷ್ಟ್ರು, ಆದ್ದರಿಂದ ನನಗೆ ಎರಡನೆಯದೇ ಹೆಚ್ಚು ಮುಖ್ಯ.

ಈಗ ಶ್ರಾವಣ. ಬಿತ್ತಲು ಇದೇ ಸರಿಯಾದ ಹೊತ್ತು.

ಮೊದಲು ಕಾಲದ ವಿಷಯ. ಇಂಗ್ಲಿಷ್ ಪಾಠದಲ್ಲಿ ‘ಆಟಮ್’ ಎಂದರೆ ಎಲೆ ಉದುರುವ ಕಾಲ ಎಂದು ಓದುತ್ತೀರಿ. ಅದಕ್ಕೆ ಕನ್ನಡದಲ್ಲಿ ಶರದೃತು ಎಂದು ಅರ್ಥ ಬರೆದುಕೊಳ್ಳುತ್ತೀರಿ. ಆದರೆ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಕಿಟಕಿಯಿಂದ ಹೊರಗೆ ನೋಡಿ. ಯಾವ ಮರ ಎಲೆ ಉದುರಿಸಿ ನಿಂತಿದೆ? ನಮ್ಮ ತೇಗ, ಮುತ್ತುಗಗಳು ಬೋಳಾಗುವುದು ಶಿಶಿರದಲ್ಲಿ. ಶರತ್ಕಾಲ ನಮಗೆ ಮಳೆ ಹದವಾಗುವ, ಮೋಡ ಸರಿದು ಬಿಸಿಲು ಬೀಳುವ, ಬೆಳಗಿನ ಇಬ್ಬನಿಯ ಕಾಲ. ಗಿಡಗಳಿಗೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ತಣ್ಣನೆಯ ದೇಶಗಳಲ್ಲಿ ಈ ಕಾಲದ ಕುಂಡವೆಂದರೆ ಹಿಮ ಬೀಳುವ ಮುನ್ನ ಕೊನೆಯದಾಗಿ ಕಾಣುವ ಬಣ್ಣ. ನಮ್ಮಲ್ಲಿ ಅದು ಆರಂಭ. ಒಂದೇ ಪದವನ್ನು ಎರಡೂ ಕಡೆ ಬಳಸುವಾಗ ಸ್ವಲ್ಪ ಎಚ್ಚರ ಬೇಕು.

ಇನ್ನು ಕುಂಡ. ಒಂದು ಗೇಣು ಅಗಲ, ಒಂದು ಗೇಣು ಆಳ ಇರುವ ಯಾವ ಪಾತ್ರೆಯಾದರೂ ಆಗುತ್ತದೆ. ಬಿಸಿಯೂಟದ ಅಡುಗೆಮನೆಯ ಖಾಲಿ ಎಣ್ಣೆ ಡಬ್ಬಿ, ತಳ ಬಿರಿದ ಬಕೆಟ್, ಸೋರುವ ಕೊಡ, ಸಿಮೆಂಟಿನ ಚೀಲ ಮಡಿಚಿದ್ದು, ಎಲ್ಲವೂ ಸರಿ. ಡಬ್ಬಿಯ ಅಂಚು ಕೈ ಕೊಯ್ಯದಂತೆ ಒಳಕ್ಕೆ ಬಡಿಸಿಕೊಳ್ಳಿ. ಕೀಟನಾಶಕ, ಆಸಿಡ್, ಪೇಂಟ್ ತುಂಬಿದ್ದ ಡಬ್ಬಿಗಳು ಮಾತ್ರ ಬೇಡ. ಹತ್ತು ಸಲ ತೊಳೆದರೂ ಬೇಡ.

ಡಬ್ಬಿ ಸಿಕ್ಕಿದ ಕೂಡಲೇ ನೀವು ಮಾಡುವ ಕೆಲಸ ನನಗೆ ಗೊತ್ತು. ಬಣ್ಣ ಬಳಿಯುತ್ತೀರಿ! ಸ್ವಲ್ಪ ನಿಲ್ಲಿ. ಮೊದಲು ತಳದಲ್ಲಿ ನಾಲ್ಕೈದು ತೂತು ಮಾಡಿಸಿ. ಈ ಕೆಲಸ ದೊಡ್ಡವರೇ ಮಾಡಲಿ. ಒಂದು ಶಾಲೆಯಲ್ಲಿ ಬಣ್ಣಬಣ್ಣದ ಚಿತ್ತಾರ ಬಿಡಿಸಿದ ಡಬ್ಬಿಗಳನ್ನು ಕಂಡೆ. ಒಂದಕ್ಕೂ ತೂತಿರಲಿಲ್ಲ. ಗಿಡಗಳು ಹಳದಿಯಾಗಿದ್ದವು. “ನೀರು ಸಾಲದು ಸಾರ್” ಎಂದು ಮಕ್ಕಳು ಇನ್ನಷ್ಟು ನೀರು ಹಾಕುತ್ತಿದ್ದರು. ಗಿಡ ಸಾಯುತ್ತಿದ್ದುದು ಬಾಯಾರಿಕೆಯಿಂದಲ್ಲ, ಉಸಿರುಕಟ್ಟಿ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಜಾಗದಲ್ಲಿ ಗಾಳಿ ಇದ್ದರೆ ಅದು ಸುಲಭವಾಗಿ ಬೇರಿಗೆ ತಲಪುತ್ತದೆ. ಆ ಜಾಗವೆಲ್ಲ ನೀರು ತುಂಬಿದರೆ? ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದ್ದರಿಂದ ಎಲೆ ಬಾಡುತ್ತದೆ. ಬಾಡಿದ್ದನ್ನು ನೋಡಿ ನಾವು ಮತ್ತೆ ನೀರು ಹಾಕುತ್ತೇವೆ.

ತೂತಿನ ಮೇಲೆ ಜಲ್ಲಿಯ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಹಿರಿಯರು ಹೇಳುವುದನ್ನು ಕೇಳಿರುತ್ತೀರಿ, ಪುಸ್ತಕಗಳಲ್ಲೂ ಓದಿರುತ್ತೀರಿ. ನಾನು ಇದನ್ನು ಒಪ್ಪುವುದಿಲ್ಲ. ಏಕೆಂದು ಒಂದು ಪ್ರಯೋಗ ಮಾಡಿ ನೋಡಿ.

ಆಯತಾಕಾರದ ದಪ್ಪ ಸ್ಪಂಜೊಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ. ಅದನ್ನು ಮಲಗಿಸಿದಂತೆ ಅಡ್ಡಲಾಗಿ ಹಿಡಿದು ಮೇಲೆತ್ತಿ. ಹಿಂಡಬೇಡಿ. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಮೆಲ್ಲಗೆ ಅದನ್ನು ನೆಟ್ಟಗೆ ನಿಲ್ಲುವಂತೆ ತಿರುಗಿಸಿ. ಏನಾಯಿತು? ಮತ್ತೆ ನೀರು ಸುರಿಯಿತು, ಅಲ್ಲವೇ? ಸ್ಪಂಜು ಅದೇ, ನೀರೂ ಅದೇ. ಬದಲಾದದ್ದು ಎತ್ತರ ಮಾತ್ರ. ಸಣ್ಣ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಸ್ಪಂಜಿನ ತಳದಲ್ಲಿ ಸ್ವಲ್ಪ ಎತ್ತರದವರೆಗೆ ನೀರು ತುಂಬಿಕೊಂಡೇ ಇರುತ್ತದೆ. ಸ್ಪಂಜನ್ನು ಎತ್ತರಕ್ಕೆ ನಿಲ್ಲಿಸಿದಾಗ ಆ ಒದ್ದೆಯ ಭಾಗ ಕೆಳಗೆ ಉಳಿದು ಮೇಲಿನ ಭಾಗ ಬಸಿಯುತ್ತದೆ. ಕುಂಡದ ಮಣ್ಣೂ ಹೀಗೆಯೇ. ತಳಕ್ಕೆ ನಾಲ್ಕು ಬೆರಳು ಜಲ್ಲಿ ಹಾಕಿದರೆ ಒದ್ದೆಯ ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲಕ್ಕೆ ಬಂದು ಕುಳಿತುಕೊಳ್ಳುತ್ತದೆ. ಅಂದರೆ ಬೇರಿಗೆ ಇನ್ನೂ ಹತ್ತಿರ! ಆದ್ದರಿಂದ ಜಲ್ಲಿ ಬೇಡ. ಮಣ್ಣು ಜಾರಿ ಹೋಗದಂತೆ ತೂತಿನ ಮೇಲೆ ಒಡೆದ ಹಂಚಿನ ಚೂರೊಂದನ್ನು ಡೊಂಕಾಗಿ ಇಟ್ಟರೆ ಸಾಕು. ತಗ್ಗಾದ ಅಗಲ ತಟ್ಟೆಗಿಂತ ಎತ್ತರದ ಡಬ್ಬಿ ಏಕೆ ಮೇಲು ಎಂಬುದು ಈಗ ನಿಮಗೇ ಹೊಳೆದಿರಬೇಕು.

ಮಣ್ಣಿನ ಮಿಶ್ರಣಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ನಿಮ್ಮದು ಎರೆಮಣ್ಣಿನ ಸೀಮೆಯಾದರೆ ಮರಳು ಹೆಚ್ಚಿಸಿ, ಏಕೆಂದರೆ ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮರಳು ಸಿಗದ ಕಡೆ ಭತ್ತದ ಹೊಟ್ಟು ನಡೆಯುತ್ತದೆ.

ಬಣ್ಣದ ವಿಷಯಕ್ಕೆ ಈಗ ಬರೋಣ. ತಗಡಿನ ಡಬ್ಬಿಗೆ ಎಣ್ಣೆ ಬಣ್ಣ ಬಳಿಯಿರಿ, ತುಕ್ಕು ತಡೆಯುತ್ತದೆ. ಆದರೆ ಮಣ್ಣಿನ ಕುಂಡಕ್ಕೆ ಬೇಡ. ಕುಡಿಯುವ ನೀರಿನ ಮಡಕೆ ಬೆವರಿ ತಣ್ಣಗಾಗುವಂತೆ ಮಣ್ಣಿನ ಕುಂಡವೂ ಬೆವರುತ್ತದೆ. ಎಣ್ಣೆ ಬಣ್ಣ ಬಳಿದರೆ ಅದರ ರಂಧ್ರಗಳೆಲ್ಲ ಮುಚ್ಚುತ್ತವೆ. ಅದಕ್ಕೆ ಜಾಜು ಬಳಿದು ಮೇಲೆ ಸುಣ್ಣದಲ್ಲಿ ಅಂಚು ಬಿಡಿಸಿ. ನಿಮ್ಮ ಅಜ್ಜಿಗೆ ಕೇಳಿದರೆ ಹತ್ತು ಬಗೆಯ ಅಂಚು ಹೇಳಿಕೊಡುತ್ತಾರೆ. ಪೇಟೆಯ ಬಣ್ಣಕ್ಕಿಂತ ಇದೇ ಚೆಂದ ಎಂದು ನಾನು ಎಲ್ಲಿ ಬೇಕಾದರೂ ವಾದಿಸುತ್ತೇನೆ.

ಗಿಡಗಳಲ್ಲಿ ನನ್ನ ಮೊದಲ ಆಯ್ಕೆ ಚೆಂಡುಹೂ. ಬಾಗಿಲಿಗೆ ಕಟ್ಟಿದ್ದ ಹಾರ ಒಣಗಿದ ಮೇಲೆ ಒಂದು ಹೂವನ್ನು ಬಿಡಿಸಿ ನೋಡಿ. ಕಪ್ಪು ಕಡ್ಡಿಯಂಥ ಬೀಜಗಳು ಸಿಗುತ್ತವೆ. ನೀವು ಒಂದು ಹೂ ಎಂದುಕೊಂಡದ್ದು ನಿಜವಾಗಿ ನೂರಾರು ಪುಟ್ಟ ಹೂಗಳ ಗುಂಪು. ಸಂಕರಣ ತಳಿಯ ಹೂವಿನ ಬೀಜವಾದರೆ ಗಿಡಗಳು ತಾಯಿಯಂತೆಯೇ ಬರುವುದಿಲ್ಲ, ಕೆಲವು ಮೊಳೆಯದೆಯೂ ಹೋಗಬಹುದು. ಬರಲಿ ಬಿಡಿ, ಒಂದೇ ಹಾರದಿಂದ ಯಾವ ಯಾವ ಬಣ್ಣ ಬಂತು ಎಂದು ಪಟ್ಟಿ ಮಾಡುವುದೂ ವಿಜ್ಞಾನವೇ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ. ಗಿಡಕ್ಕೆ ಒಂದು ತಿಂಗಳಾದಾಗ ತುದಿಯ ಕುಡಿ ಚಿವುಟಿ. ತುದಿಯ ಮೊಗ್ಗಿನಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ತುದಿ ಹೋದರೆ ಅವು ಚಿಗುರಿ ಗಿಡ ಪೊದೆಯಾಗುತ್ತದೆ, ಹೂವೂ ಹೆಚ್ಚುತ್ತದೆ. ಒಂದು ಗಿಡವನ್ನು ಚಿವುಟದೆ ಬಿಟ್ಟು ಎರಡನ್ನೂ ಹೋಲಿಸಿ.

ಉಳಿದವು ಬೇಗ ಹೇಳುತ್ತೇನೆ. ಕಾಯಿ ಮುಟ್ಟಿದರೆ ಸಿಡಿಯುವ ಕರ್ಣಕುಂಡಲ, ಕೋಳಿಜುಟ್ಟಿನ ಹೂ, ಇವೆರಡೂ ಬೀಜದಿಂದ. ದೊಡ್ಡಪತ್ರೆ, ಬಣ್ಣದೆಲೆಯ ಕೋಲಿಯಸ್, ಬಿಸಿಲೇರಿದ ಮೇಲೆ ಅರಳುವ ಟೇಬಲ್ ರೋಸ್, ಇವು ತುಂಡು ನೆಟ್ಟರೆ ಸಾಕು. ಯಾರ ಮನೆಯ ಹಿತ್ತಿಲಲ್ಲಾದರೂ ಇದ್ದೇ ಇರುತ್ತವೆ. ಕೇಳಿ ತನ್ನಿ, ಕೇಳದೆ ತರಬೇಡಿ.

ಸೇವಂತಿಗೆಯ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ಸೇವಂತಿಗೆ ರಾತ್ರಿಯನ್ನು ಅಳೆಯುವ ಗಿಡ! ಬೆಂಗಳೂರಿನಲ್ಲಿ ಜೂನ್ 21ರಂದು ಹಗಲು ಸುಮಾರು 12 ಗಂಟೆ 53 ನಿಮಿಷ. ಡಿಸೆಂಬರ್ 21ರಂದು ಸುಮಾರು 11 ಗಂಟೆ 22 ನಿಮಿಷ. ಸೆಪ್ಟೆಂಬರ್ 23ರ ಹೊತ್ತಿಗೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗಿ, ಮುಂದೆ ರಾತ್ರಿ ಬೆಳೆಯುತ್ತ ಹೋಗುತ್ತದೆ. ಕತ್ತಲೆಯ ಅವಧಿ ಸಾಕಷ್ಟು ಉದ್ದವಿದ್ದರೆ ಮಾತ್ರ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರಬಹುದು. ಅದು ಜಾತ್ರೆಯಲ್ಲ. ಗಿಡ ಇನ್ನಷ್ಟು ಎತ್ತರ ಬೆಳೆಯಲಿ, ಈಗಲೇ ಹೂ ಬಿಡದಿರಲಿ ಎಂದು ರೈತರು ಬೆಳಕು ಕೊಟ್ಟು ಅದರ ರಾತ್ರಿಯನ್ನು ತುಂಡರಿಸುತ್ತಾರೆ.

ಈ ಗುಟ್ಟು ಬಯಲಾದದ್ದು ಕುಂಡಗಳಿಂದಲೇ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಅವರಿಗೆ ಒಂದು ಹೊಗೆಸೊಪ್ಪಿನ ತಳಿ ಸಮಸ್ಯೆಯಾಗಿತ್ತು. ಆಳೆತ್ತರ ಮೀರಿ ಬೆಳೆದರೂ ಬೇಸಿಗೆಯಲ್ಲಿ ಅದು ಹೂ ಬಿಡುತ್ತಿರಲಿಲ್ಲ. 1918ರ ಜುಲೈಯಲ್ಲಿ ಅವರು ಆ ಗಿಡದ ಕುಂಡಗಳನ್ನು ಸಂಜೆ 4 ಗಂಟೆಗೇ ಕತ್ತಲೆಯ ಕೊಠಡಿಗೆ ಸೇರಿಸಿ, ಮರುದಿನ ಬೆಳಗ್ಗೆ ಹೊರಗೆ ತರತೊಡಗಿದರು. ಗಿಡ ಹೂ ಬಿಟ್ಟಿತು! 1920ರಲ್ಲಿ ಇದನ್ನು ಪ್ರಕಟಿಸಿದರು. ನೆಲದಲ್ಲಿ ಬೇರೂರಿದ ಗಿಡವನ್ನು ಹೀಗೆ ಹೊತ್ತುಕೊಂಡು ಹೋಗಲು ಆಗುತ್ತಿತ್ತೇ?

ನೀವೂ ಮಾಡಬಹುದು. ಒಂದೇ ತಾಯಿಗಿಡದ ಎರಡು ಮರಿಸಸಿಗಳನ್ನು ಎರಡು ಡಬ್ಬಿಗಳಲ್ಲಿ ನೆಡಿ. ಹಗಲು ಎರಡಕ್ಕೂ ಬಿಸಿಲು ಸಿಗಲಿ. ರಾತ್ರಿ ಒಂದು ಡಬ್ಬಿ ಇಡೀ ರಾತ್ರಿ ದೀಪ ಉರಿಯುವ ಕಡೆ, ದೀಪಕ್ಕೆ ಹತ್ತಿರದಲ್ಲಿರಲಿ. ಇನ್ನೊಂದು ಪೂರ್ತಿ ಕತ್ತಲಲ್ಲಿರಲಿ. ಯಾವುದರಲ್ಲಿ ಯಾವ ದಿನ ಮೊಗ್ಗು ಕಂಡಿತೆಂದು ಬರೆದಿಡಿ. ಶಾಲೆಯ ಹತ್ತಿರವೇ ಮನೆ ಇರುವ ಇಬ್ಬರು ಈ ಕೆಲಸ ವಹಿಸಿಕೊಂಡರೆ ಸಾಕು.

ಜೋಡಿಸುವಾಗ ಒಂದು ಡಬ್ಬಿಗೆ ಒಂದೇ ಜಾತಿಯ ಗಿಡ ಇರಲಿ. ಒಂದೇ ಕುಂಡದಲ್ಲಿ ಮೂರು ನಾಲ್ಕು ಬಗೆ ಸೇರಿಸಿದ ಚಿತ್ರಗಳು ನೋಡಲು ಸೊಗಸು, ಆದರೆ ಚಿಕ್ಕ ಡಬ್ಬಿಯಲ್ಲಿ ಬೇರುಗಳು ಕಿತ್ತಾಡುತ್ತವೆ. ಒಂದಕ್ಕೆ ನೀರು ಹೆಚ್ಚು ಬೇಕು, ಇನ್ನೊಂದಕ್ಕೆ ಕಡಿಮೆ. ಅದರ ಬದಲು ಡಬ್ಬಿಗಳನ್ನೇ ಗುಂಪು ಮಾಡಿ. ಹಿಂದೆ ಇಟ್ಟಿಗೆಯ ಮೇಲೆ ಎತ್ತರದ ಕೋಳಿಜುಟ್ಟು, ನಡುವೆ ಚೆಂಡುಹೂ, ಮುಂದೆ ಅಂಚಿನಿಂದ ಇಳಿಬೀಳುವ ಟೇಬಲ್ ರೋಸ್. ಹೂ ಮುಗಿದದ್ದು ಹಿಂದಕ್ಕೆ, ಅರಳಿದ್ದು ಮುಂದಕ್ಕೆ. ನೀರು ಹಾಕುವುದು ಹುಡುಗಿಯರ ಕೆಲಸ, ಕುಂಡದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ಹುಡುಗರ ಕೆಲಸ ಎಂಬ ಏರ್ಪಾಡನ್ನು ಕೆಲವೆಡೆ ಕಂಡಿದ್ದೇನೆ. ಅದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಅಕ್ಕಿ, ಬೇಳೆ ತೊಳೆದ ನೀರನ್ನು ಗಿಡಕ್ಕೆ ಹಾಕಿ. ಉಪ್ಪು ಸೇರಿದ ನೀರು ಬೇಡ. ಬೆರಳನ್ನು ಮಣ್ಣಿಗೆ ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ವಾರಕ್ಕೊಮ್ಮೆಯಾದರೂ ಬಗ್ಗಿಸಿ, ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಂಚಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ನೀರು ಒಣಗಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ತಟ್ಟೆಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಇನ್ನು ಎಲ್ಲರೂ ಮರೆಯುವ ಸಂಗತಿ, ದಸರಾ ರಜೆ. ಶಾಲೆಯ ಗಿಡಗಳು ಸಾಯುವುದು ಆಗಲೇ. ರಜೆಗೆ ಮುಂಚೆ ಡಬ್ಬಿಗಳನ್ನೆಲ್ಲ ಅರೆನೆರಳಿಗೆ ತಂದು ಒತ್ತೊತ್ತಾಗಿ ಇಡಿ. ಮಣ್ಣಿನ ಮೇಲೆ ಒಣ ಎಲೆ ಹರಡಿ. ಡಬ್ಬಿಗಳ ನಡುವೆ ಒಂದು ಕೊಡದಲ್ಲಿ ನೀರಿಟ್ಟು, ಹಳೆಯ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು, ಒಂದು ತುದಿ ಕೊಡದ ತಳದವರೆಗೆ, ಇನ್ನೊಂದು ತುದಿ ಮಣ್ಣಿನೊಳಗೆ ಹೂತಿಡಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇದು ನೀರು ಹೀರಿ ಗಿಡಕ್ಕೆ ಉಣಿಸುತ್ತದೆ. ಇದಕ್ಕೆ ಕೇಶಾಕರ್ಷಣೆ ಎಂದು ಹೆಸರು. ಕೊಡದ ಬಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ, ಸೊಳ್ಳೆಗೆ ರಜೆ ಇರುವುದಿಲ್ಲ. ರಜೆಗೆ ಒಂದು ವಾರ ಮುಂಚೆಯೇ ಒಂದು ಡಬ್ಬಿಗೆ ಬತ್ತಿ ಕಟ್ಟಿ, ಕೊಡದಲ್ಲಿ ನೀರು ದಿನಕ್ಕೆ ಎಷ್ಟು ಬೆರಳು ಇಳಿಯುತ್ತದೆಂದು ಅಳೆಯಿರಿ. ಹಾಗೆ ಅಳೆದರೆ ಎಷ್ಟು ಡಬ್ಬಿಗೆ ಎಷ್ಟು ಕೊಡ ಬೇಕೆಂಬ ಲೆಕ್ಕ ಸಿಗುತ್ತದೆ.

ರಜೆ ಮುಗಿದು ಬಂದ ದಿನ ಬತ್ತಿಗಳನ್ನು ತೆಗೆದು, ಡಬ್ಬಿಗಳನ್ನು ಬಿಸಿಲಿಗೆ ತನ್ನಿ. ಒಣಗಿದ ಚೆಂಡುಹೂಗಳನ್ನು ಚಿವುಟಿ ಹಾಕಿದರೆ ಹೊಸ ಮೊಗ್ಗು ಬರುತ್ತದೆ. ಎರಡು ಮೂರನ್ನು ಮಾತ್ರ ಬೀಜಕ್ಕೆಂದು ಗಿಡದಲ್ಲೇ ಒಣಗಲು ಬಿಟ್ಟು, ದಾರ ಕಟ್ಟಿ ಗುರುತು ಮಾಡಿ.