ಫೋನಿನಲ್ಲಿ ನಾನು ‘ಹೌದು’ ಎಂದೆ

ಮೂರು ವರ್ಷದ ಹಿಂದಿನ ಮಾತು. ನಾನಾಗ ಒಂಬತ್ತನೇ ತರಗತಿಯಲ್ಲಿದ್ದೆ. ಒಂದು ಸಂಜೆ ಅಮ್ಮಿಯ ಫೋನಿಗೆ ಕರೆ ಬಂತು. ಅಮ್ಮಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹಿಂಜರಿಕೆ. ಹಾಗಾಗಿ ಫೋನು ನನ್ನ ಕೈಗೆ ಬಂತು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಆಪಾಳ ಹೆಸರು ಹೇಳಿ, “ಅವರು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸದಲ್ಲಿದ್ದಾರಾ?” ಎಂದು ಕೇಳಿದರು. ನಾನು “ಹೌದು” ಎಂದೆ. “ಸಂಬಳ ಸರಿಯಾಗಿ ಬರ್ತಿದೆಯಾ?” “ಹೌದು.” “ಥ್ಯಾಂಕ್ಯೂ” ಎಂದು ಇಟ್ಟುಬಿಟ್ಟರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಆಪಾ ಆಗ ಒಳಗಿನ ಕೋಣೆಯಲ್ಲಿ ಪಕ್ಕದ ಮನೆಯವರ ಸೀರೆಗೆ ಫಾಲ್ಸ್ ಹಾಕುತ್ತಾ ಕೂತಿದ್ದಳು.

ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಎರಡು ದಿನ ಮುಂಚೆ ತರಬೇತಿ ಕೇಂದ್ರದ ಮೇಡಂ ಮನೆಗೇ ಬಂದು, “ಇಂಥ ಫೋನ್ ಬರುತ್ತೆ, ಕೆಲಸದಲ್ಲಿದ್ದಾಳೆ ಅಂತ ಹೇಳಿಬಿಡಿ. ಇಲ್ಲ ಅಂದ್ರೆ ನಮ್ಮ ಕೊನೇ ಕಂತು ನಿಲ್ಲುತ್ತೆ, ನನಗೂ ಎರಡು ತಿಂಗಳಿಂದ ಸಂಬಳ ಆಗಿಲ್ಲ” ಎಂದಿದ್ದರು. ಅವರು ಕೆಟ್ಟವರಲ್ಲ. ಆಪಾಗೆ ಹೊಲಿಗೆ ಮಿಷನ್ ಮೇಲೆ ಕೈ ಕೂರುವಂತೆ ಕಲಿಸಿದವರು ಅವರೇ.

ಇದನ್ನು ಈಗ ಬರೆಯಲು ಕಾರಣ ನಮ್ಮ ಕಾಲೇಜಿನ ನೋಟಿಸ್ ಬೋರ್ಡ್. ಸರ್ಕಾರದ ದುಡ್ಡಿನಲ್ಲಿ ಉಚಿತ ತರಬೇತಿ, ತರಬೇತಿಯ ನಂತರ ಉದ್ಯೋಗ ಎಂಬ ಪೋಸ್ಟರ್ ಅಲ್ಲಿ ಮತ್ತೆ ಬಂದಿದೆ. ದ್ವಿತೀಯ ಪಿಯುಸಿ ಮುಗಿಸಿ ಡಿಗ್ರಿಗೆ ಹೋಗಲು ಮನೆಯ ಪರಿಸ್ಥಿತಿ ಬಿಡದ ನಮ್ಮಲ್ಲಿ ಹಲವರು ಅದಕ್ಕೆ ಅರ್ಜಿ ಹಾಕುತ್ತಾರೆ. ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಈ ಯೋಜನೆಗಳಲ್ಲಿ ಲೆಕ್ಕ ಬರೆಯುವ ರೀತಿಯೇ ತಪ್ಪಾಗಿದೆ ಎಂಬುದು ನನ್ನ ಅಭಿಪ್ರಾಯ. ‘ಕೆಲಸಕ್ಕೆ ಸೇರಿದಳು’ ಎಂಬುದಕ್ಕೆ ದುಡ್ಡು ಕಟ್ಟಿಟ್ಟಿದ್ದಾರೆ. ‘ಕೆಲಸದಲ್ಲಿ ಉಳಿಯಲು ಏನು ಬೇಕಿತ್ತು’ ಎಂದು ಕೇಳುವ ಜಾಗವೇ ಇಲ್ಲ.

ಆಪಾ ಯಾಕೆ ಉಳಿಯಲಿಲ್ಲ ಎಂಬುದನ್ನು ಹೇಳುತ್ತೇನೆ. ತರಬೇತಿ ಮೂರು ತಿಂಗಳು, ದಾವಣಗೆರೆಯಲ್ಲಿ. ನಮ್ಮೂರಿಂದ ದಿನಾ ಬಸ್. ಬಸ್ ಚಾರ್ಜ್ ಕೊಡುತ್ತೇವೆ ಎಂದಿದ್ದರು, ಕೊಡುವುದೇನೋ ಕೊಟ್ಟರು, ತರಬೇತಿ ಮುಗಿದ ಮೇಲೆ. ಅಲ್ಲಿಯವರೆಗೆ ಅಬ್ಬಾ ಹಮಾಲಿ ದುಡ್ಡಿನಿಂದ ದಿನವೂ ತೆಗೆದು ಕೊಟ್ಟರು. ಅವಳ ಬ್ಯಾಚಿನ ಇಬ್ಬರು ಹುಡುಗಿಯರು ಬಸ್ ಚಾರ್ಜ್ ಹೊಂದಿಸಲಾಗದೆ ಅರ್ಧಕ್ಕೇ ಬಿಟ್ಟರು. ಮುಂದಿನ ವರ್ಷ, 2023ರ ಜೂನ್‌ನಲ್ಲಿ, ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಯಿತು. ಆ ಇಬ್ಬರಿಗೆ ಅದು ಒಂಬತ್ತು ತಿಂಗಳು ತಡವಾಯಿತು, ಅಷ್ಟೆ.

ತರಬೇತಿ ಮುಗಿದ ಮೇಲೆ ಪೀಣ್ಯದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಆರು ಹುಡುಗಿಯರಿಗೆ ಒಂದು ರೂಮು. ರೂಮಿಗೆ ಅಡ್ವಾನ್ಸ್, ಚಾಪೆ, ಬಕೆಟ್, ಗ್ಯಾಸು, ಎಲ್ಲ ಮೊದಲ ವಾರದಲ್ಲೇ. ಸಂಬಳ ಬರುವುದು ಮುಂದಿನ ತಿಂಗಳು 7ನೇ ತಾರೀಖಿಗೆ. ಕೆಲಸಕ್ಕೆ ಸೇರಿದವರಿಗೆ ಆರಂಭದ ತಿಂಗಳುಗಳಲ್ಲಿ ನೆರವಿನ ಹಣ ಬರುತ್ತದೆ ಎಂದು ಹೇಳಿದ್ದರು, ಬರಲಿಲ್ಲ. ಆಮೇಲೆ ಗೊತ್ತಾಯಿತು, ಅವಳು ಅರ್ಜಿಯಲ್ಲಿ ಕೊಟ್ಟ ಬ್ಯಾಂಕ್ ಖಾತೆ ಒಂದು, ಆಧಾರ್ ಜೋಡಣೆಯಾಗಿದ್ದ ಖಾತೆ ಇನ್ನೊಂದು. ಶಾಲೆಯಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದು ವರ್ಷಗಟ್ಟಲೆ ಮುಟ್ಟದ ಖಾತೆ ಅದು. ಎನ್‌ಪಿಸಿಐ ಮ್ಯಾಪಿಂಗ್ ಎಂದರೇನೆಂದು ಈಗ ಗೃಹಲಕ್ಷ್ಮಿಯಿಂದಾಗಿ ನಮ್ಮ ಓಣಿಯ ಅಜ್ಜಿಯರಿಗೂ ಗೊತ್ತು. ಆಗ ಆಪಾಗೆ ಹೇಳಿಕೊಡುವವರು ಯಾರೂ ಇರಲಿಲ್ಲ. 22ನೇ ದಿನ ಕೈಯಲ್ಲಿ ದುಡ್ಡು ಮುಗಿಯಿತು. ರೂಮಿನವರ ಹತ್ತಿರ ಸಾಲ ಕೇಳಲು ನಾಚಿಕೆಯಾಗಿ, ಟಿಕೆಟ್‌ಗೆ ಮಾತ್ರ ಇಸಿದುಕೊಂಡು ಬಂದುಬಿಟ್ಟಳು.

‘ಹುಡುಗಿಯರು ಊರು ಬಿಟ್ಟು ನಿಲ್ಲಲ್ಲ’, ‘ನಿಮ್ಮ ಮಂದಿ ಹೆಣ್ಮಕ್ಕಳನ್ನ ಕೆಲಸಕ್ಕೆ ಕಳಿಸಲ್ಲ’ ಎಂದು ಸುಲಭವಾಗಿ ಹೇಳುವವರಿದ್ದಾರೆ. ನಮ್ಮ ಮನೆಯಲ್ಲಿ ಕಳಿಸಿದ್ದರು. ಅಬ್ಬಾ ಸ್ವತಃ ಹೋಗಿ ರೂಮು ನೋಡಿ ಬಿಟ್ಟು ಬಂದಿದ್ದರು. ನಿಲ್ಲದಂತೆ ಮಾಡಿದ್ದು ಹದಿನೈದು ದಿನದ ಊಟದ ದುಡ್ಡು.

ನಿಯಮ ಬರೆದವರಿಗೆ ಇದು ತಿಳಿಯದ ವಿಷಯವೇನಲ್ಲ. ಗ್ರಾಮೀಣ ಬಡ ಯುವಜನರಿಗಾಗಿ 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ಮಾರ್ಗಸೂಚಿ ನೋಡಿದರೆ ಆಶ್ಚರ್ಯವಾಗುತ್ತದೆ. ಕೆಲಸ ಸಿಕ್ಕ ಮೇಲೆ ತಿಂಗಳಿಗೆ 1,000 ರೂಪಾಯಿ ನೆರವು, ಸ್ವಂತ ಜಿಲ್ಲೆಯಲ್ಲಾದರೆ 2 ತಿಂಗಳು, ರಾಜ್ಯದೊಳಗಾದರೆ 3, ಹೊರರಾಜ್ಯವಾದರೆ 6 ತಿಂಗಳು. ತರಬೇತಿ ಪಡೆದವರಲ್ಲಿ ಕನಿಷ್ಠ ಶೇ 70ರಷ್ಟು ಮಂದಿಗೆ ಕೆಲಸ ಕೊಡಿಸಬೇಕು, ಮೂರು ತಿಂಗಳು ಕೆಲಸದಲ್ಲಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಒಂದು ವರ್ಷ ಉಳಿದವರ ತಲೆಗೆ ಸಂಸ್ಥೆಗೆ 3,000 ರೂಪಾಯಿ ಪ್ರೋತ್ಸಾಹಧನ. ಅಲ್ಪಸಂಖ್ಯಾತರಿಗೆ ಶೇ 15, ಮಹಿಳೆಯರಿಗೆ ಶೇ 33 ಪಾಲೂ ಇದೆ. ಅಲ್ಪಸಂಖ್ಯಾತರ ಇಲಾಖೆಯ ‘ಸೀಖೋ ಔರ್ ಕಮಾವೋ’ದಲ್ಲಿ ಶೇ 75ರಷ್ಟು ಉದ್ಯೋಗ ಕಡ್ಡಾಯವಿತ್ತು. ಕಾಗದದ ಮೇಲೆ ಒಳ್ಳೆಯ ಲೆಕ್ಕವೇ.

ತೊಂದರೆ ಎಲ್ಲಿ ಎಂದರೆ, ನೆರವು ತಡವಾದರೆ ಕೇಂದ್ರಕ್ಕೆ ನಷ್ಟವಿಲ್ಲ. ಹುಡುಗಿ ಬಿಟ್ಟುಬಂದಳೆಂದು ಬರೆದರೆ ನಷ್ಟವಿದೆ. ಪ್ರಧಾನ ಮಂತ್ರಿ ಕೌಶಲ್ ವಿಕಾಸ್ ಯೋಜನೆಯ ಎರಡನೇ ಹಂತದಲ್ಲಿ ಕೇಂದ್ರಗಳಿಗೆ ಶೇ 20ರಷ್ಟು ಹಣ ಬರುತ್ತಿದ್ದುದು ಉದ್ಯೋಗ ಕೊಡಿಸಿದ ಮೇಲೆಯೇ. ಅಂಥ ವ್ಯವಸ್ಥೆಯಲ್ಲಿ ಮೇಡಂ ಮೊದಲು ಮಾಡುವ ಕೆಲಸ ಯಾವುದು? ಆಪಾಳ ಖಾತೆ ಸರಿಪಡಿಸುವುದೋ, ನಮಗೆ ಫೋನಿನ ಉತ್ತರ ಹೇಳಿಕೊಡುವುದೋ?

ಆಮೇಲೆ ಪರಿಶೀಲನೆ. ಗಾರ್ಮೆಂಟ್ಸ್‌ನಲ್ಲಿ ಸೇರಿದ ಕೂಡಲೇ ಪಿಎಫ್ ನಂಬರ್ ಆಗುತ್ತದೆ. ಆಪಾಳ ಪಿಎಫ್ ಪಾಸ್‌ಬುಕ್‌ನಲ್ಲಿ ಒಂದೇ ಒಂದು ತಿಂಗಳ ಕಂತಿದೆ. ಅದನ್ನು ತೆರೆದು ನೋಡಿದ್ದರೆ ನನ್ನ ‘ಹೌದು’ ಅಲ್ಲೇ ಸಿಕ್ಕಿಬೀಳುತ್ತಿತ್ತು. ಯಾರೂ ನೋಡಲಿಲ್ಲ. ಒಂಬತ್ತನೇ ತರಗತಿ ಹುಡುಗನ ಮಾತು ಸರ್ಕಾರದ ಅಂಕಿಅಂಶವಾಯಿತು.

ನಮ್ಮದೊಂದೇ ಕಥೆಯಲ್ಲ. ಕೌಶಲ್ ವಿಕಾಸ್ ಯೋಜನೆಯ ಮೊದಲ ಮೂರು ಹಂತಗಳ ಬಗ್ಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯನ್ನು ಪತ್ರಿಕೆಗಳಲ್ಲಿ ಓದಿರಬಹುದು. ಸುಮಾರು 95.9 ಲಕ್ಷ ಅಭ್ಯರ್ಥಿಗಳ ದಾಖಲೆಗಳಲ್ಲಿ ಶೇ 94ಕ್ಕೂ ಹೆಚ್ಚು ಕಡೆ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆ ಇತ್ತು ಅಥವಾ ಖಾಲಿ ಇತ್ತು. ಹುಡುಗರಿಗೆ ದುಡ್ಡು ತಲುಪಿತೇ ಎಂದು ಈ ಕಾಗದದಿಂದ ಹೇಗೆ ಹೇಳುತ್ತಾರೆ?

ಇದಕ್ಕೆ ಸಿಕ್ಕ ಪರಿಹಾರ ಇನ್ನೂ ವಿಚಿತ್ರ. ಇದೇ ಯೋಜನೆಯ ನಾಲ್ಕನೇ ಹಂತದಲ್ಲಿ ಉದ್ಯೋಗದ ಲೆಕ್ಕ ಇಡುವುದನ್ನೇ ಹಿಂದಿನಂತೆ ಮುಂದುವರಿಸಲಿಲ್ಲ, ತರಬೇತಿ ಪಡೆದವರು ತಮ್ಮ ದಾರಿ ತಾವೇ ಆರಿಸಿಕೊಳ್ಳಲಿ ಎಂಬುದು ಸರ್ಕಾರದ ವಿವರಣೆ. ಕಾಪಿ ಹೊಡೆಯುತ್ತಾರೆಂದು ಪರೀಕ್ಷೆಯನ್ನೇ ರದ್ದು ಮಾಡಿದರೆ ನಮಗೆ ಖುಷಿಯಾಗಬಹುದು, ಪ್ರಿನ್ಸಿಪಾಲರು ಒಪ್ಪುತ್ತಾರೆಯೇ? ಲೆಕ್ಕ ಬೇಕು. ಆದರೆ ಬೇರೆ ಪ್ರಶ್ನೆಗಳ ಲೆಕ್ಕ ಬೇಕು.

ಬಸ್ ಚಾರ್ಜ್ ವಾರಕ್ಕೊಮ್ಮೆ ಮುಂಗಡವಾಗಿ ಬಂತೇ? ಕೆಲಸಕ್ಕೆ ಹೊರಡುವ ಮುನ್ನ ಒಂದು ರೂಪಾಯಿ ಹಾಕಿ ಖಾತೆ ಪರೀಕ್ಷಿಸಿದರೇ? ಮೊದಲ ಸಂಬಳದವರೆಗಿನ ಖರ್ಚಿಗೆ ಏನಿತ್ತು? ಬಿಟ್ಟು ಬಂದಿದ್ದರೆ ಯಾಕೆ? ಈ ಫೋನನ್ನು ಕೇಂದ್ರಕ್ಕೂ ಕೇಂದ್ರದ ಕಂತಿಗೂ ಸಂಬಂಧವಿಲ್ಲದವರು ಮಾಡಲಿ, ಮನೆಯವರ ಭಾಷೆಯಲ್ಲಿ ಮಾಡಲಿ. ಉರ್ದುವಿನಲ್ಲಿ ಕೇಳಿದ್ದರೆ ಅಮ್ಮಿಯೇ ಮಾತಾಡುತ್ತಿದ್ದರು, ಅಮ್ಮಿಗೆ ಸುಳ್ಳು ಹೇಳಲು ಬರುವುದಿಲ್ಲ. ‘ಬಿಟ್ಟಳು’ ಎಂದು ಬರೆದ ಕೇಂದ್ರದ ಹಣ ಕಡಿಯುವ ಬದಲು, ಕಾರಣ ಬರೆಯದ ಕೇಂದ್ರದ ಹಣ ಕಡಿಯಲಿ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಆಪಾ ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಫಾಲ್ಸ್, ಜಿಗ್‌ಜ್ಯಾಗ್ ಮಾಡುತ್ತಾಳೆ. ರಂಜಾನ್ ಮುಂಚಿನ ತಿಂಗಳಲ್ಲಿ ಅವಳಿಗೆ ರಾತ್ರಿ ಹನ್ನೊಂದಾದರೂ ಬಿಡುವಿರುವುದಿಲ್ಲ. ನನ್ನ ಕಾಲೇಜು ಫೀಸಿನ ಅರ್ಧ ಕಟ್ಟಿದವಳು ಅವಳು. ಅದು ಆ ತರಬೇತಿಯಿಂದಲೇ ಸಾಧ್ಯವಾಯಿತು. ಅಂದರೆ ನಿಜ ಹೇಳಿದ್ದರೂ ಆ ಮೇಡಂ ಕಲಿಸಿದ್ದು ವ್ಯರ್ಥವಾಗಿಲ್ಲ ಎಂದು ಬರೆದುಕೊಳ್ಳಬಹುದಿತ್ತು. ಫೋನಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಕಂಪ್ಯೂಟರ್‌ನಲ್ಲಿ ಅವಳು ಇವತ್ತಿಗೂ ಪೀಣ್ಯದಲ್ಲಿದ್ದಾಳೆ.

ಈ ಲೇಖನವನ್ನು ಮೊದಲು ಆಪಾಗೇ ಓದಿ ಹೇಳಿದೆ. “ನೀನು ಹೌದು ಅಂದಿದ್ದೇ ಸರಿ, ಮೇಡಂಗೆ ಸಂಬಳ ಆದ್ರೂ ಸಿಕ್ತು” ಎಂದಳು. ನಾನು ಒಪ್ಪಲಿಲ್ಲ. ಅವಳ ನಂತರದ ಬ್ಯಾಚನ್ನೂ ಅದೇ ಫ್ಯಾಕ್ಟರಿಗೆ, ಅದೇ ರೀತಿ, ಮೊದಲ ತಿಂಗಳ ಊಟದ ದುಡ್ಡಿಲ್ಲದೆಯೇ ಕಳಿಸಿದರು. ಹಿಂದಿನ ಬ್ಯಾಚಿನವರೆಲ್ಲ ಅಲ್ಲಿ ಚೆನ್ನಾಗಿದ್ದಾರೆ ಎಂದು ದಾಖಲೆಯಲ್ಲಿತ್ತಲ್ಲ.