ಟೆಸ್ಟರಿನಿಂದ ತಿರುಪು ಬಿಚ್ಚುವವರಿಗೆ

ಮಾದರಿ ಕಾರೊಂದರ ತಳದಲ್ಲಿ ಕಚ್ಚಿ ಕುಳಿತ ಪುಟ್ಟ ತಿರುಪು ಮೊಳೆಯ ಬಗ್ಗೆ ಇಷ್ಟುದ್ದ ಬರೆಯಬೇಕೇ ಎಂದು ಓದುಗಮಿತ್ರರು ಕೇಳಬಹುದು. ಬರೆಯಬೇಕು ಎಂಬುದೇ ನನ್ನ ಉತ್ತರ. ಸಾಲಗಾಮೆಯ ಸುತ್ತಿನ ಶಾಲೆಗಳಲ್ಲಿ ಬಹುಕಾಲ ವಿಜ್ಞಾನ ಪಾಠ ಹೇಳಿ, ನಿವೃತ್ತಿಯ ಬಳಿಕವೂ ವಸ್ತುಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋಗಿಬರುತ್ತಿರುವ ನನಗೆ, "ಸ್ಕ್ರೂ ಸ್ಲಿಪ್ ಆಗೋಗಿದೆ ಸಾರ್" ಎಂಬ ಮಾತಿಗಿಂತ ಹೆಚ್ಚು ಬೇಸರ ತರುವ ಮಾತು ಬೇರೊಂದಿಲ್ಲ. ಹುಡುಗ ಅದನ್ನು ಮಳೆ ಬಂತು ಎನ್ನುವ ಹಾಗೆ ಹೇಳುತ್ತಾನೆ. ಅದು ತಾನಾಗಿ ಆದದ್ದು, ಅದಕ್ಕೆ ಯಾರೂ ಹೊಣೆಯಲ್ಲ, ಇನ್ನು ಮಾಡುವುದೇನೂ ಇಲ್ಲ ಎಂಬ ಧಾಟಿಯಲ್ಲಿ. ಈ ಮೂರೂ ಸುಳ್ಳು. ಅವನಿಗೆ ಈ ಸುಳ್ಳನ್ನು ಕಲಿಸಿದವರು ದೊಡ್ಡವರಾದ ನಾವು.

ನಮ್ಮ ಕಡೆ ಯಾರ ಮನೆಗಾದರೂ ಹೋಗಿ ಸ್ಕ್ರೂ ಡ್ರೈವರ್ ಕೊಡಿ ಎಂದು ಕೇಳಿ ನೋಡಿ. ಕೈಗೆ ಬರುವುದು ಕರೆಂಟು ನೋಡುವ ಟೆಸ್ಟರು. ಹಿಡಿಯೊಳಗೆ ಪುಟ್ಟ ನಿಯಾನ್ ದೀಪವಿರುವ, ಚಪ್ಪಟೆ ಮೂತಿಯ ಆ ಬಡಪಾಯಿ ಉಪಕರಣದ ಮೂಲ ಕೆಲಸ, ತಂತಿಯಲ್ಲಿ ವಿದ್ಯುತ್ತು ಇದೆಯೇ ಇಲ್ಲವೇ ಎಂದು ಹೇಳುವುದು. ನಾವಾದರೋ ಅದರಿಂದ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುತ್ತೇವೆ, ಮಿಕ್ಸಿಯ ತಳ ಬಿಚ್ಚುತ್ತೇವೆ, ಕಡೆಗೆ ಮಗುವಿನ ಕಾರಿನ ಪ್ಲಸ್ ಆಕಾರದ ತಿರುಪಿನ ಮೇಲೂ ಅದನ್ನೇ ಒತ್ತುತ್ತೇವೆ. ಟೆಸ್ಟರು ಸಿಗದಿದ್ದರೆ ಅಡುಗೆಮನೆಯ ಚಾಕು. ಚಪ್ಪಟೆ ಮೂತಿ ಪ್ಲಸ್‌ನ ಒಂದು ಗೆರೆಯನ್ನಷ್ಟೇ, ಅದೂ ಅಂಚಿನಲ್ಲಿ, ಹಿಡಿಯುತ್ತದೆ. ಬಡ ಲೋಹದ ಆ ಅಂಚು ಎಷ್ಟೆಂದು ತಡೆದೀತು?

ಸರಿಯಾದ ಡ್ರೈವರಿದ್ದರೂ ಪ್ಲಸ್ ತಿರುಪಿನ ಸ್ವಭಾವವನ್ನು ತಿಳಿದಿರಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಹೆನ್ರಿ ಫಿಲಿಪ್ಸ್ 1936ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಜನರಲ್ ಮೋಟಾರ್ಸ್, ತನ್ನ ಕ್ಯಾಡಿಲಾಕ್ ಕಾರುಗಳ ಜೋಡಣೆಗೆ. ದೊಡ್ಡ ಕಾರಿಗೆಂದು ಬಂದ ತಿರುಪು ಇಂದು ಆಟದ ಕಾರಿನ ಹೊಟ್ಟೆಯಲ್ಲೂ ಇದೆ. ಇದರ ಕುಳಿಯ ಗೋಡೆಗಳು ನೇರವಾಗಿಲ್ಲ, ಒಳಹೋದಂತೆ ಕಿರಿದಾಗುವ ಇಳಿಜಾರಿನವು. ಆದ್ದರಿಂದ ಡ್ರೈವರು ತಾನಾಗಿ ನಡುವಿಗೆ ಬಂದು ಕೂರುತ್ತದೆ. ಕಾರ್ಖಾನೆಯ ವೇಗಕ್ಕೆ ಅದು ವರವಾಯಿತು. ಆದರೆ ತಿರುವುವ ಬಲ ಹೆಚ್ಚಿ ಒತ್ತುವ ಬಲ ಕಡಿಮೆಯಾದೊಡನೆ ಮೂತಿ ಅದೇ ಇಳಿಜಾರನ್ನೇರಿ ಹೊರಬರುತ್ತದೆ, ಬರುವಾಗ ಗೋಡೆಯನ್ನು ಕೆರೆದುಕೊಂಡೇ ಬರುತ್ತದೆ. ನಾಲ್ಕು ಸಲ ಹೀಗಾದರೆ ಪ್ಲಸ್ ಅಳಿದು ದುಂಡನೆಯ ಗುಳಿ ಉಳಿಯುತ್ತದೆ.

ಜಪಾನಿನ ತಮಿಯಾ ಮುಂತಾದವರ ಕಿಟ್ ತರಿಸಿ ಮಕ್ಕಳೊಡನೆ ಕಾರು ಕಟ್ಟುವ ತಂದೆತಾಯಿಗಳು ಈಗ ಹಾಸನದಂಥ ಊರುಗಳಲ್ಲೂ ಕಾಣಸಿಗುತ್ತಾರೆ. ಅವರಿಗೊಂದು ಮಾತು. ಜಪಾನಿನ ಮಾನಕದ ಪ್ಲಸ್ ತಿರುಪು ಫಿಲಿಪ್ಸ್ ತಿರುಪಿನ ಅವಳಿಯಂತೆ ಕಂಡರೂ ಅದರದೇ ಅಳತೆ ಬೇರೆ. ಫಿಲಿಪ್ಸ್ ಡ್ರೈವರಿನ ಮೂತಿ ಅದರೊಳಗೆ ಪೂರ್ತಿ ಇಳಿಯದೆ ಮೇಲೆಯೇ ಜಾರುತ್ತದೆ. ಅಂಥ ಹಲವು ತಿರುಪುಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕಿಯ ಗುರುತಿರುತ್ತದೆ. ಸಾವಿರಾರು ರೂಪಾಯಿಯ ಕಿಟ್ಟಿಗೆ ದುಡ್ಡು ಕೊಟ್ಟು, ಅದಕ್ಕೆ ಹೊಂದುವ ಡ್ರೈವರಿಗೆ ನೂರಿನ್ನೂರು ಕೊಡಲು ಕೈ ಹಿಡಿಯುವುದು ಯಾವ ಲೆಕ್ಕ?

ಇನ್ನು ಕಚ್ಚಿಕೊಂಡದ್ದನ್ನು ಬಿಚ್ಚುವ ವಿಷಯ. ಈ ವಿದ್ಯೆಯಲ್ಲಿ ನನ್ನ ಗುರುಗಳು ಯಾವ ಬಿ.ಎಡ್. ಕಾಲೇಜಿನವರೂ ಅಲ್ಲ, ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು. "ಮೇಷ್ಟ್ರೇ, ಮುಕ್ಕಾಲು ಪಾಲು ಒತ್ಬೇಕು, ಕಾಲು ಪಾಲು ತಿರುಗಿಸ್ಬೇಕು. ನಿಮ್ ಹುಡುಗ್ರು ಬರೀ ತಿರುಗ್ಸೋದು ಕಲ್ತವ್ರೆ" ಎಂದಿದ್ದರು. ಭೌತಶಾಸ್ತ್ರದ ಒಂದು ಅಧ್ಯಾಯವೇ ಆ ಮಾತಿನಲ್ಲಿದೆ. ತಲೆ ಅರ್ಧ ಸವೆದಿದ್ದರೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡನ್ನು ನಡುವೆ ಇಟ್ಟು ಒತ್ತಿ ತಿರುಗಿಸಬಹುದು. ಗ್ಯಾರೇಜಿನವರು ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಒಂದು ತೊಟ್ಟು ಹಚ್ಚುತ್ತಾರೆ, ಅದರ ಮರಳಿನಂಥ ಕಣಗಳು ಹಿಡಿತ ಕೊಡುತ್ತವೆ. ತಲೆ ಪೂರ್ತಿ ಹೋಗಿದ್ದು ಮೇಲೆದ್ದು ನಿಂತಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಅಡ್ಡಗೆರೆ ಕೊರೆಯಿರಿ. ಟೆಸ್ಟರಿನಂಥ ಚಪ್ಪಟೆ ಮೂತಿಗೆ ನ್ಯಾಯವಾದ ಕೆಲಸ ಸಿಗುವುದು ಆಗ. ಪ್ಲಾಸ್ಟಿಕ್ಕಿನಲ್ಲಿ ಬಿಗಿದ ತಿರುಪಿನ ತಲೆಗೆ ಬೆಸುಗೆ ಕಡ್ಡಿಯ ಬಿಸಿಯನ್ನು ಕೆಲವೇ ಕ್ಷಣ ಮುಟ್ಟಿಸಿದರೆ ಸುತ್ತಲಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಬಿಡುತ್ತದೆ. ಆದರೆ ಇದನ್ನು ದೊಡ್ಡವರು ಮಾಡಬೇಕು, ಒಳಗೆ ಸೆಲ್ಲುಗಳಿರುವ ಕಡೆ ಮಾಡಲೇಬಾರದು. ತುಕ್ಕು ಹಿಡಿದಿದೆಯೆಂದು ಸೀಮೆಎಣ್ಣೆ, ಪೆಟ್ರೋಲು ಸುರಿಯುವವರುಂಟು. ಕಬ್ಬಿಣಕ್ಕೆ ಸರಿ, ಕೆಲವು ಜಾತಿಯ ಪ್ಲಾಸ್ಟಿಕ್ಕು ಅದರಿಂದ ಬಿರುಕು ಬಿಡುತ್ತದೆ.

ಬಿಚ್ಚುವುದಕ್ಕಿಂತ ಮರಳಿ ಹಾಕುವುದರಲ್ಲಿಯೇ ಹೆಚ್ಚು ಕಾರುಗಳು ಹಾಳಾಗುವುದನ್ನು ನಾನು ಕಂಡಿದ್ದೇನೆ. ತಿರುಪನ್ನು ರಂಧ್ರದಲ್ಲಿಟ್ಟು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ ಅದು ಟಕ್ಕನೆ ಕೆಳಗಿಳಿದಂತೆ ಬೆರಳಿಗೆ ತಿಳಿಯುತ್ತದೆ. ಹಳೆಯ ಥ್ರೆಡ್ಡಿನ ಬಾಯಿ ಅಲ್ಲಿದೆ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ತಿರುಪು ತನ್ನ ಹಳೆಯ ದಾರಿಯಲ್ಲೇ ಹೋಗುತ್ತದೆ. ಹೀಗೆ ಮಾಡದವರು ಪ್ರತಿಸಲವೂ ಹೊಸ ದಾರಿ ಕೊರೆದು, ಐದಾರು ಸಲಕ್ಕೆ ರಂಧ್ರವನ್ನೇ ಸಡಿಲಗೊಳಿಸುತ್ತಾರೆ. ಬೆರಳಿಗೆ ಆ "ಟಕ್" ತಿಳಿದ ಹುಡುಗನ ಮುಖವನ್ನು ಒಮ್ಮೆ ನೋಡಬೇಕು ನೀವು.

ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಬಲು ಚೆಂದದ ಸೌರಶಕ್ತಿ ಕಾರು ತಂದಿದ್ದ. ಕಾರು ಓಡಲಿಲ್ಲ. ಬಿಚ್ಚಿ ನೋಡೋಣವೇ ಎಂದೆ. ಹುಡುಗ ತಂದೆಯ ಮುಖ ನೋಡಿದ. ತಂದೆ, "ಬೇಡಿ ಸಾರ್, ಅಂಗಡಿಯೋರು ಬಿಚ್ಬಾರ್ದು ಅಂದವ್ರೆ" ಎಂದರು. ಮಾದರಿ ಸಿದ್ಧವಾಗಿಯೇ ಅಂಗಡಿಯಿಂದ ಬಂದಿತ್ತು, ತಿರುಪುಗಳ ಮೇಲೆ ಅಂಟು ಸುರಿದಿತ್ತು. ಪಕ್ಕದ ಮೇಜಿನ ಹುಡುಗಿ ಹವಾಯಿ ಚಪ್ಪಲಿ ಕತ್ತರಿಸಿದ ಚಕ್ರಗಳ, ಕೊಡೆಯ ಕಡ್ಡಿಯ ಅಚ್ಚಿನ ಕಾರನ್ನು ಓಡಿಸಿ ತೋರಿಸಿದಳು. ನನ್ನ ಜೊತೆಯ ತೀರ್ಪುಗಾರರು "ನೀಟಾಗಿದೆ" ಎಂಬ ಕಾರಣಕ್ಕೆ ಓಡದ ಕಾರಿಗೆ ಹೆಚ್ಚು ಅಂಕ ಹಾಕಿದರು. ನಾನು ಜಗಳವಾಡಿದೆ. ಈಗಲೂ ಆಡುತ್ತೇನೆ.

ಕೈಕೆಲಸದ ಮಹತ್ವವನ್ನು ಹೇಳಿದ ವರದಿಗಳಿಗೆ ನಮ್ಮಲ್ಲಿ ಬರವಿಲ್ಲ. 1937ರ ವಾರ್ಧಾ ಸಮ್ಮೇಳನ ಹೇಳಿತು, 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದ ಶಾಲೆ ಎಂದಿತು. ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ನೆರವು ಬಂತು. ಇನ್ನೂ 50,000 ಪ್ರಯೋಗಾಲಯಗಳನ್ನು ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಕೊಡುವುದಾಗಿ 2025ರ ಕೇಂದ್ರ ಆಯವ್ಯಯ ಘೋಷಿಸಿತು. ಬರಲಿ, ಸಂತೋಷ. ಆದರೆ ತ್ರೀಡಿ ಪ್ರಿಂಟರಿನ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ಮೇಜಿನಲ್ಲಿಟ್ಟರೆ ಮಕ್ಕಳು ಕಲಿಯುವುದೇನು? 1960ರಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇಂದು ನಿಂತಿರುವುದು ನಮ್ಮೂರಿನ ಹೆಸರಿನ ಸಾಲಗಾಮೆ ರಸ್ತೆಯಲ್ಲಿ. ಆ ಬಾಗಿಲಿಗೆ ಹೋಗಬೇಕಾದ ಮಕ್ಕಳಿಗೆ ಹದಿನೈದನೆಯ ವಯಸ್ಸಿನವರೆಗೆ ಒಂದು ತಿರುಪನ್ನೂ ಮುಟ್ಟಗೊಡದೆ ಇಡುವವರು ನಾವೇ.

ತಯಾರಕರನ್ನೂ ಬಿಡುವಂತಿಲ್ಲ. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇರಬೇಕೆಂಬುದು ನ್ಯಾಯವೇ. ಗುಂಡಿಯಂಥ ಸೆಲ್ಲನ್ನು ಎಳೆಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಆದರೆ ಆ ತಿರುಪು ಎರಡನೆಯ ಸಲಕ್ಕೇ ಬೆಣ್ಣೆಯಂತೆ ಸವೆಯುವ ಲೋಹದ್ದಾಗಿರಬೇಕೇ? ಒಡಲಿಗೆ ಯಾರ ಮನೆಯಲ್ಲೂ ಡ್ರೈವರಿಲ್ಲದ ತ್ರಿಕೋನ ತಲೆಯ ತಿರುಪು ಹಾಕುವುದೇಕೆ? ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಕೃಷಿ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಕರಣ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಆ ಪಟ್ಟಿಯಲ್ಲಿ ಆಟಿಕೆ ಇಲ್ಲ. ಮನುಷ್ಯ ಜೀವನದಲ್ಲಿ ಮೊದಲು ಬಿಚ್ಚಿ ನೋಡುವ ಯಂತ್ರ ಆಟಿಕೆ ಎಂಬುದು ದೊಡ್ಡವರ ಸಮಿತಿಗೆ ಹೊಳೆಯದೆ ಹೋಯಿತು.

"ಮಗು ಕೈ ಚುಚ್ಚಿಕೊಂಡರೆ?" ಎಂದು ತಾಯಂದಿರು ಕೇಳುತ್ತಾರೆ. ಚುಚ್ಚುವುದು ಜಾರಿದ ಡ್ರೈವರು. ಜಾರುವುದು ಹೊಂದದ ಡ್ರೈವರು. ಕಾರನ್ನು ಅಂಗೈಯಲ್ಲಿ ಹಿಡಿಯದೆ ಮೇಜಿನ ಮೇಲೆ ಬಟ್ಟೆ ಹಾಸಿ ಇಡುವುದನ್ನು ಕಲಿಸಿ, ಅಳತೆಗೆ ಸರಿಯಾದ ಮೂತಿಯನ್ನು ಕೊಡಿ. ಸೊನ್ನೆ, ಒಂದು, ಎರಡು ನಂಬರಿನ ಮೂರು ಪ್ಲಸ್ ಡ್ರೈವರುಗಳು, ಒಂದು ಚಪ್ಪಟೆಯದು, ಬಿಚ್ಚಿದ ತಿರುಪುಗಳನ್ನು ಹಾಕಿಡಲು ಒಂದು ಬಟ್ಟಲು. ಹಾಸನದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಇವು ಸಿಗುತ್ತವೆ. ಟೆಸ್ಟರನ್ನು ಮೀಟರ್ ಬೋರ್ಡಿನ ಪಕ್ಕದ ಮೊಳೆಗೆ ನೇತುಹಾಕಿ.